ಅಪ್ಪನ ಬಟ್ಟು ಮಷಿನ್‌ಗಿ ಸಿಗವಲ್ದು

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಚಿತ್ತಾಪುರ ತಾಲೂಕಿನಾಕಿ. ಪೇಪರ್‌ಗೆ ಪತ್ರ ಬರೀಲತ್ತಿದ್ದು ಇದೇ ಮೊದಲ್ನೇ ಸಲ, ಉದ್ದ ಆಗ್ಯದ ಅನಸಿದ್ರ ಎಲ್ಲಿ ಬೇಕಲ್ಲಿ ಕಡಿಮಿ ಮಾಡ್ರಿ, ಆದ್ರ ಅಪ್ಪನ ಕೈ ವಿಷಯ ಮಾತ್ರ ತಗೀಬ್ಯಾಡ್ರಿ, ಅದರ ಸಲುವಾಗೇ ರಾತ್ರಿ ಕುಂತು ಬರೀಲತ್ತೀನಿ.

ಹೋದ ತಿಂಗಳ ಅಪ್ಪ ರೇಷನ್ ತರಾಕ ಹೋಗಿದ್ದ. ಪಾಳಿ ಹಚ್ಚಿ ಒಂದೂವರಿ ತಾಸ ನಿಂತ ಮ್ಯಾಲ ಅವನ ನಂಬರ್ ಬಂತು, ಮಷಿನ್ ಮ್ಯಾಲ ಹೆಬ್ಬಟ್ಟು ಇಟ್ಟ, ಬರಲಿಲ್ಲ. ಒತ್ತಿ ಹಿಡಿ ಅಂದ್ರು, ಒತ್ತಿದ, ಬರಲಿಲ್ಲ. ಕೈ ತೊಳಕೊಂಡ್ ಬಾ ಮುತ್ಯಾ ಅಂದ್ರು. ಅಲ್ಲೇ ಗುಡಿ ಮುಂದಿನ ನಳದಾಗ ತೊಳಕೊಂಡು ಧೋತರಕ್ಕ ಒರಸ್ಕೊಂಡು ಬಂದ, ಮತ್ತ ಇಟ್ಟ, ಮತ್ತ ಅದೇ ಟುಂಯ್ ಅಂತ ಸಪ್ಪಳ. ಎರಡ್ನೇ ಸಲ ತೊಳಕೊಂಡ್ ಬಾ ಅಂದ್ರು, ಆಗ ಯಾರೋ ನಿರ್ಮಾ ಪುಡಿ ಕೊಟ್ರಂತ, ಅದ್ರಾಗೂ ತಿಕ್ಕಿ ಬಂದ. ಮೂರ್ನೇ ಸಲಕ್ಕ ಅಂಗಡಿಯವರು "ನಿನ್ನ ಕೈನೇ ಸರಿ ಇಲ್ಲೋ ಮುತ್ಯಾ, ನಾ ಏನ್ ಮಾಡ್ಲಿ, ಹಿಂದ ಮಂದಿ ನಿಂತಾರ ನೋಡು" ಅಂದು ಪಕ್ಕಕ್ಕ ಸರಸಿದ್ರು. ಅಪ್ಪ ಖಾಲಿ ಚೀಲ ಮಡಚಿ ಬಗಲಾಗ ಇಟ್ಕೊಂಡು ಮನಿಗಿ ಬಂದ. ಅವತ್ತು ಸಂಜೀ ತನಕ ಯಾರ ಕೂಡ ಮಾತಾಡ್ಲಿಲ್ಲ, ಅವ್ವ ಊಟಕ್ಕ ಕರದ್ರ ಕೈ ನೋಡ್ಕೋತ ಕುಂತಿದ್ದನಂತ.

ಇದು ಒಂದೇ ತಿಂಗಳಿಂದಲ್ರಿ, ಅದರ ಹಿಂದಿನ ತಿಂಗಳೂ ಹಿಂಗೇ ಆಗಿತ್ತು. ಅಪ್ಪ ಅವ್ವ ಇಬ್ರೇ ಆ ಕಾರ್ಡಿನಾಗ ಇರೋದು, ನನ್ನ ಹೆಸ್ರು ಲಗ್ನ ಆದ್ಮ್ಯಾಲ ಗಂಡನ ಮನಿ ಕಾರ್ಡಿಗಿ ಹೋಗ್ಯದ, ಅದಕ್ಕ ನನ್ನ ಬಟ್ಟು ಅಲ್ಲಿ ನಡೆಯಲ್ಲ. ಅವ್ವಂದು ಯಾವಾಗಾದ್ರೊಮ್ಮೆ ಬರ್ತದ, ಆದ್ರ ಹತ್ತಿ ಬಿಡಸೋ ಸೀಸನ್‌ದಾಗ ಅವಳದೂ ಬರಲ್ಲ.

ಅಂಗಡಿಯವರ ಮ್ಯಾಲ ನಂದೇನ್ ಸಿಟ್ಟಿಲ್ಲ, ಅದನ್ನ ಮೊದಲೇ ಹೇಳ್ತೀನಿ. ಥಂಬ್ ಇಲ್ದೇ ಅಕ್ಕಿ ಕೊಟ್ರ ಅವರ ಸ್ಟಾಕ್ ತಾಳೆ ಆಗಲ್ಲ, ಮ್ಯಾಲಿನವರು ಕೇಳ್ತಾರ, ಲೈಸೆನ್ಸ್ ಹೋಗ್ತದ ಅನ್ನೋ ಅಂಜಿಕಿ ಅವರಿಗೂ ಅದ. ಆದ್ರ "ನಿನ್ನ ಕೈ ಸರಿ ಇಲ್ಲ" ಅಂದಿದ್ದು ನನಗ ಹೊಟ್ಟ್ಯಾಗ ಕಲ್ಲ ಇಟ್ಟಂಗ ಕುಂತದ.

ಆ ಕೈ ಹೆಂಗದ ಹೇಳ್ತೀನಿ ಕೇಳ್ರಿ. ನಮ್ಮಪ್ಪ 34 ವರ್ಷ ಫರಸಿ ಗಣಿಯೊಳಗ ದುಡದಾನ. ಶಹಾಬಾದ ಕಲ್ಲು ಅಂತ ಬೊಂಬಾಯಿ, ಪುಣೆ, ಹೈದ್ರಾಬಾದ್ ಕಡಿ ಎಲ್ಲಾ ಮನಿಯೊಳಗ ಹಾಸಿರ್ತಾರಲ್ಲ, ಅದೇ ಕಲ್ಲು. ನಮ್ಮ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸೀಮಿಯೊಳಗ ಈ ಸುಣ್ಣಕಲ್ಲು ನೆಲದ ಒಳಗ ಪದರ ಪದರ ಆಗಿ ಇರ್ತದ, ಪದರಿನ ಸಂದಿ ಹುಡುಕಿ ಚಾಣ ಇಟ್ಟು ಸುತ್ತಿಗಿಲೆ ಬಡದು, ಹಾರಿ ಹಾಕಿ ಎಬ್ಬಸ್ಬೇಕು, ಎಬ್ಬಸಿದ ಮ್ಯಾಲ ಅಂಚು ಕೆತ್ತಬೇಕು, ಹೊತ್ತು ಲಾರಿಗಿ ಏರಸ್ಬೇಕು. ಸಂದಿ ಎಲ್ಲದ ಅನ್ನೋದು ಅಪ್ಪ ಕಣ್ಣಿಲೆ ನೋಡ್ತಿದ್ದಿಲ್ಲ, ಬಟ್ಟಿನ ತುದಿಲೆ ಸವರಿ ಹೇಳ್ತಿದ್ದ. ಕೈಗವಸ ಹಾಕ್ಕೋ ಅಂತ ನಾ ಹೇಳಿದ್ರ "ಹಾಕ್ಕೊಂಡ್ರ ಕಲ್ಲಿನ ಎಳಿ ಗೊತ್ತಾಗಲ್ಲವ್ವಾ" ಅಂತಿದ್ದ. ಒಂದು ಫರಸಿ ಒಡೀಲಾರದಂಗ ಇಡೀ ಎದ್ದು ಬರಬೇಕಂದ್ರ ಆ ಸವರೋದ್ರಾಗೇ ಎಲ್ಲಾ ಇರ್ತದ.

ಬಲಗೈ ಅಂಗೈಯೊಳಗ ನಾಕು ಬಟ್ಟಿನ ಬುಡಕ್ಕ ನಾಕು ಗಂಟು, ಒಣಗಿದ ಬಾರೀಹಣ್ಣಿನಂಗ ಗಟ್ಟಿ, ಅಲ್ಲಿ ಸೂಜಿ ಚುಚ್ಚಿದ್ರೂ ಅವಗ ಗೊತ್ತಾಗಲ್ಲ. ಎಡಗೈ ತೋರುಬಟ್ಟು ಸೊಟ್ಟ ಆಗ್ಯದ, ನಾ ಐದನೇತ್ತಾದಾಗ ಇದ್ದಾಗ ಸುತ್ತಿಗಿ ತಪ್ಪಿ ಬಿದ್ದಿತ್ತು, ದವಾಖಾನಿಗಿ ಹೋಗ್ಲಿಲ್ಲ, ಹಳದಿ ಹಚ್ಚಿ ಅರಬಿ ಸುತ್ತಿ ಮರುದಿನ ಕೆಲ್ಸಕ್ಕ ಹೋದ. ಅಂಗೈ ಗೆರಿಯೊಳಗ ಬಿಳಿ ಪುಡಿ ಕುಂತದ, ಹಬ್ಬದ ದಿನ ಎಣ್ಣಿ ಹಚ್ಚಿ ಬಿಸಿನೀರು ಹಾಕ್ಕೊಂಡ್ರೂ ಅದು ಹೋಗಲ್ಲ. ಇನ್ನ ಬಟ್ಟಿನ ತುದಿ ನೋಡಿದ್ರ, ಅದೂ ಹೆಬ್ಬಟ್ಟಂದು, ಪಾಲಿಶ್ ಹೊಡದ ಫರಸಿ ಇದ್ದಂಗ ನುಣ್ಣಗದ. ಬೆಳಕಿಗಿ ಹಿಡದ್ರ ಹೊಳೀತದ. ಒಂದು ಗೆರಿ ಇಲ್ಲ.

ನಾವು ಸಣ್ಣೋರಿದ್ದಾಗ ಬ್ಯಾಸಗಿಯೊಳಗ ಮೈಯೆಲ್ಲಾ ಬೆವರಸಾಲಿ ಎದ್ದು ತುರಸ್ತಿತ್ತು, ಆಗ ಅಪ್ಪನ ಮುಂದ ಬೆನ್ನು ಕೊಟ್ಟು ಕುಂದ್ರತಿದ್ವಿ. ಅವ ಉಗುರು ಹಚ್ತಿದ್ದಿಲ್ಲ, ಬರೀ ಅಂಗೈ ಸವರ್ತಿದ್ದ, ಅಷ್ಟಕ್ಕೇ ತುರಿಕಿ ಹೋಗ್ತಿತ್ತು, ಅಷ್ಟು ಒರಟಿತ್ತು ಆ ಕೈ. ನಾನೂ ನನ್ನ ತಮ್ಮನೂ ಯಾರ ಬೆನ್ನು ಮೊದಲ ಅಂತ ಜಗಳ ಆಡ್ತಿದ್ವಿ. ಆ ಕೈ ಸರಿ ಇಲ್ಲ ಅಂತ ಯಾರಾದ್ರೂ ಹೇಳಿದ್ರ ನಾ ಹೆಂಗ ಕೇಳ್ಕೊಂಡು ಸುಮ್ನಿರ್ಲಿ.

ನನ್ನ ಕೆಲ್ಸ ಏನಂದ್ರ ನಮ್ಮೂರಾಗ ಒಂದು ಸಣ್ಣ ಝೆರಾಕ್ಸ್, ಆನ್‌ಲೈನ್ ಅಂಗಡಿ ಇಟ್ಟೀನ್ರಿ. ಅರ್ಜಿ ಹಾಕೋದು, ಪಹಣಿ ತಗೀದು, ಆಧಾರ್ ಥಂಬ್ ಮ್ಯಾಲ ರೊಕ್ಕ ತಗದು ಕೊಡೋದು ಇವೆಲ್ಲಾ ಮಾಡ್ತೀನಿ. ದಿನಕ್ಕ ನಲವತ್ತು ಐವತ್ತು ಮಂದಿ ಬಟ್ಟು ನನ್ನ ಕೈಯಾಗ ಹಿಡದು ಸ್ಕ್ಯಾನರ್ ಮ್ಯಾಲ ಇಡಸ್ತೀನಿ, ಹಿಂಗ ಆರು ವರ್ಷ ಆಯ್ತು. ಈಗ ನನಗ ಮುಖ ನೋಡ್ಲಾರದೇ ಬರೀ ಕೈ ನೋಡಿ ಯಾವ ಕೆಲ್ಸದವರು ಅಂತ ಹೇಳ್ಲಾಕ ಬರ್ತದ.

ಹತ್ತಿ ಬಿಡಸೋ ಹೆಣ್ಮಕ್ಕಳದು ಉಗುರಿನ ಸುತ್ತ ಕೆಂಪ ಗೀರು ಇರ್ತಾವ, ಒಣಗಿದ ಹತ್ತಿ ಕಾಯಿ ತುದಿ ಮುಳ್ಳಿನಂಗ ಇರ್ತದ, ದಿನಾ ಸಾವಿರ ಸಲ ಅದ್ರೊಳಗ ಬಟ್ಟು ಹಾಕಿ ಎಳೀಬೇಕು. ಪುಷ್ಯ ಮಾಸದ ಹೊತ್ತಿಗಿ ತೊಗರಿ ರಾಶಿ ನಡದಾಗ ಬರೋರ ಕೈ ಕರ್ರಗ, ಅಂಗೈಯೊಳಗ ತೊಗರಿ ಕಟಗಿ ಸಿಬುರು, ಅದನ್ನ ಪಿನ್ನಿಲೆ ತಗದು ಕೊಟ್ಟೀನಿ ನಾನು. ಯಾದಗಿರಿ ಕಡಿಂದ ಮೆಣಸಿನಕಾಯಿ ಬಿಡಸ್ಲಾಕ ಹೋಗಿ ಬಂದೋರ ಕೈ ಹಿಡದ್ರ ನನ್ನ ಕೈನೂ ಉರೀತದ, ಸಂಜಿಗಿ ಮರತು ಕಣ್ಣು ಒರಸ್ಕೊಂಡ್ರ ಮುಗೀತು. ಮನಿ ಮನಿಯೊಳಗ ಭಾಂಡಿ ತಿಕ್ಕೋ ಅಕ್ಕಂದಿರದು ನೀರಾಗ ನೆನದು ನೆನದು ಬೆಳ್ಳಗ ಸುಕ್ಕಾಗಿರ್ತದ, ಚರ್ಮ ಎದ್ದು ಬರ್ತಿರ್ತದ. ಇಟ್ಟಂಗಿ ಭಟ್ಟಿಯವರದು, ಗೌಂಡಿ ಕೆಲ್ಸದವರದು ಕೇಳಬ್ಯಾಡ್ರಿ, ಬಟ್ಟಿನ ತುದಿಗಿ ತೂತು ಬಿದ್ದಿರ್ತಾವ, ಸಿಮೆಂಟ್ ತಿಂದ ಜಾಗದಾಗ ಹಸಿ ಮಾಂಸ ಕಾಣ್ತದ. ಪೌರಕಾರ್ಮಿಕ ಕಾಕಾ ಒಬ್ರು ಬರ್ತಾರ, ಅವರು ಕೈ ಮುಂದ ಚಾಚೋದೇ ಇಲ್ಲ, ನಾ ಕೇಳಿದ ಮ್ಯಾಲ "ಹೊಲಸ ಅದ ತಂಗಿ" ಅಂತಾರ, ಮನಿಗಿ ಹೋಗಿ ಸಾಬಾಣ ಹಚ್ಚಿ ಜಳಕ ಮಾಡಿ ಬಂದಿರ್ತಾರ, ಆದ್ರೂ ಹಂಗೇ ಅಂತಾರ. ಅವರ ಕೈಯಾಗ ಹೊಲಸ ಇರಲ್ರಿ, ಊರ ಮಂದಿ ಅವರಿಗಿ ಅಂದ ಮಾತು ಇರ್ತದ.

ಬೀದರ್‌ದಾಗ ನಮ್ಮ ಸೋದರತ್ತಿ ಮನಿ ಅದ, ಅವರ ಓಣಿ ಹಿಂದ ಬಿದ್ರಿ ಕೆಲ್ಸ ಮಾಡೋರು ಇದ್ದಾರ. ಸತುವಿಗಿ ಒಂದೀಟು ತಾಮ್ರ ಕೂಡಸಿ ಎರಕ ಹೊಯ್ದು, ಅರದಿಂದ ತಿಕ್ಕಿ, ಉಳಿಲೆ ಹೂಬಳ್ಳಿ ಕೊರದು, ಬೆಳ್ಳಿ ತಂತಿ ಬಡದು ಕುಂದ್ರಸಿ, ಕಡೀಕ ಬೀದರ್ ಕೋಟಿ ಮಣ್ಣು ಮತ್ತ ನವಸಾಗರ ಕಲಸಿದ ನೀರಾಗ ಹಾಕಿ ತಿಕ್ತಾರ, ಆಗ ಸತು ಕರ್ರಗಾಗಿ ಬೆಳ್ಳಿ ಎದ್ದು ಕಾಣ್ತದ. ಅವರ ಬಟ್ಟೂ ಹಂಗೇ ಕರ್ರಗ. 2006ರಾಗ ಬಿದ್ರಿಗಿ ಜಿಐ ಟ್ಯಾಗ್, ಅಂದ್ರ ಇದು ಬೀದರ್‌ದ್ದೇ ಅನ್ನೋ ಸರ್ಕಾರಿ ಗುರ್ತು ಬಂತು, 2023ರಾಗ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗಿ ಪದ್ಮಶ್ರೀ ಬಂದಾಗ ನಮಗೆಲ್ಲಾ ಎಷ್ಟ್ ಖುಷಿ ಆಯ್ತು. ಒಂದು ಬಿದ್ರಿ ಹೂಜಿ ಷೋಕೇಸಿನಾಗ ಇಡೋ ಮುಂಚೆ ಎಷ್ಟು ದಿನ ಒಬ್ಬರ ಬಟ್ಟು ಅದರ ಮ್ಯಾಲ ತಿಕ್ಯಾಡ್ಯದ ಅನ್ನೋದು ಆ ಓಣಿಯೊಳಗ ಒಂದು ಮಧ್ಯಾಹ್ನ ಕುಂತ್ರ ಗೊತ್ತಾಗ್ತದ.

ಇವರೆಲ್ಲಾರದೂ ಮಷಿನ್‌ದಾಗ ಒಂದ್ ಸಲಕ್ಕ ಬರಲ್ಲ. ನಾ ಏನ್ ಮಾಡ್ತೀನಂದ್ರ, ಒಂದು ಹಸಿ ಅರಬಿ ಇಟ್ಟೀನಿ, ಅದ್ರಿಂದ ಬಟ್ಟು ಒರಸಿ ಮತ್ತ ಒಣಾ ಅರಬಿಲೆ ಒತ್ತಿ, ಆಮ್ಯಾಲ ತಲಿಕೂದ್ಲಿಗಿ ಒಂದ್ ಸಲ ತಿಕ್ಕೋರಿ ಅಂತೀನಿ, ಆ ಜಿಡ್ಡು ಹತ್ತಿದ್ರ ಎಷ್ಟೋ ಸಲ ಹಿಡೀತದ. ಅದಕ್ಕೂ ಆಗ್ಲಿಲ್ಲಂದ್ರ ಬ್ಯಾರೆ ಬಟ್ಟು. ಇದನ್ನ ದಯಮಾಡಿ ಎಲ್ಲಾರೂ ಗಮನ ಇಟ್ಟು ಓದ್ರಿ, ಆಧಾರ್ ಮಾಡಸುವಾಗ ಹತ್ತೂ ಬಟ್ಟು ತಗೊಂಡಿರ್ತಾರ, ಎರಡೂ ಕಣ್ಣಿನ ಪಾಪಿನೂ ತಗೊಂಡಿರ್ತಾರ, ಹೆಬ್ಬಟ್ಟೇ ಆಗ್ಬೇಕು ಅಂತ ಎಲ್ಲೂ ಇಲ್ಲ. ನಮ್ಮ ಮಂದಿಗಿ ಥಂಬ್ ಅಂದ್ರ ಹೆಬ್ಬಟ್ಟು ಅಂತ ತಲ್ಯಾಗ ಕುಂತದ, ಅಂಗಡಿಯವರೂ ಹೆಬ್ಬಟ್ಟೇ ಕೇಳ್ತಾರ, ಕೆಲ್ಸದಾಗ ಜಾಸ್ತಿ ಸವೆಯೋದೂ ಹೆಬ್ಬಟ್ಟು ಮತ್ತ ತೋರುಬಟ್ಟೇ. ಉಂಗುರ ಬಟ್ಟು, ಕಿರಿಬಟ್ಟು ಅಷ್ಟು ಸವದಿರಲ್ಲ.

ಅಪ್ಪನ ಕೈ ತುರಿಕಿಗಂತ ಕಲಬುರಗಿ ದವಾಖಾನಿಗಿ ಒಮ್ಮೆ ಕರ್ಕೊಂಡ್ ಹೋಗಿದ್ದೆ, ಗಣಿ ಬಿಟ್ಟ ಮ್ಯಾಲ ಎರಡು ವರ್ಷ ಗೌಂಡಿ ಕೈಕೆಳಗ ಸಿಮೆಂಟ್ ಕಲಸ್ಲಾಕ ಹೋಗಿದ್ದ ಅವ. ಅಲ್ಲಿ ಚರ್ಮದ ಡಾಕ್ಟರ್ ಮೇಡಂ ಭಾಳ ತಿಳಿಸಿ ಹೇಳಿದ್ರು. ಬಟ್ಟಿನ ಗೆರಿ ತಾಯಿ ಹೊಟ್ಟ್ಯಾಗ ಇದ್ದಾಗ ಆರು ತಿಂಗಳ ಒಳಗೇ ಮೂಡ್ತಾವಂತ, ಅವುಗಳ ಬೇರು ಮ್ಯಾಲಿನ ಚರ್ಮದಾಗ ಇರಲ್ಲ, ಒಳಗಿನ ಪದರಿನಾಗ ಇರ್ತದಂತ, ಅದಕ್ಕ ಮ್ಯಾಲ ಸವದ್ರೂ ಕೆಲ್ಸಕ್ಕ ರಜಾ ಕೊಟ್ರ ಕೆಲವು ವಾರದಾಗ ಅದೇ ಗೆರಿ ಮತ್ತ ಬರ್ತಾವಂತ. ಆಳವಾಗಿ ಗಾಯ ಆಗಿ ಕಲೆ ಬಿದ್ರ ಮಾತ್ರ ಬರಲ್ಲ. ಹಸಿ ಸಿಮೆಂಟ್ ಅಂದ್ರ ಸುಣ್ಣದಂಗ ಸುಡೋ ಕ್ಷಾರ, ಅದರ ಪಿಎಚ್ 12ರ ಮ್ಯಾಲ ಇರ್ತದ, ದಿನಾ ಬರಿಗೈಲೆ ಮುಟ್ಟಿದ್ರ ಚರ್ಮ ತಿಂದು ಹಾಕ್ತದ, ಅದ್ರಾಗಿನ ಕ್ರೋಮಿಯಂದಿಂದ ಅಲರ್ಜಿ ಆಗಿ ತುರಿಕಿನೂ ಬರ್ತದ ಅಂದ್ರು. ಮೇಡಂ ಹೇಳಿದ್ದು ಕೇಳಿ ಅಪ್ಪ "ಹಂಗಾದ್ರ ಎಷ್ಟ್ ದಿನ ಕೆಲ್ಸ ಬಿಡ್ಬೇಕ್ರಿ" ಅಂತ ಕೇಳ್ದ. ಒಂದ್ ತಿಂಗಳ ಬಿಡ್ರಿ ಅಂದ್ರು. ಅಪ್ಪ ನನ್ನ ಮುಖ ನೋಡ್ದ. ತಿಂಗಳಾನುಗಟ್ಲೆ ಪಗಾರ ಬಿಟ್ಟು ಮನ್ಯಾಗ ಕುಂದ್ರೋ ಹಂಗಿದ್ರ ರೇಷನ್ ಅಕ್ಕಿಗಿ ಯಾಕ ಪಾಳಿ ಹಚ್ತಿದ್ದ ಅವ.

ಅಂದ್ರ ಗೆರಿ ಹೋಗಿಲ್ರಿ, ಒಳಗ ಇದ್ದಾವ. ಸ್ಕ್ಯಾನರಿನ ಗಾಜಿಗಿ ತಾಗೋದು ಮ್ಯಾಲಿನ ಚರ್ಮ, ಅಲ್ಲಿ ಏರು ತಗ್ಗು ಸವದಿದ್ರ ಅಥವಾ ಒಣಗಿ ಬಿರಿದಿದ್ರ ಫೋಟೋ ಬರೀ ಮಸಿ ಮಸಿ ಬರ್ತದ, ಹಳೀ ಫೋಟೋಕ್ಕ ಹೊಂದಲ್ಲ. ಆಧಾರ್ ಮಾಡಸಿದಾಗ 2012ರಾಗ ಅಪ್ಪನ ಕೈ ಇಷ್ಟು ಸವದಿದ್ದಿಲ್ಲ, ಮುಂದಿನ ಹತ್ತು ಹನ್ನೆರಡು ವರ್ಷದಾಗ ಎಷ್ಟ್ ಸಾವಿರ ಫರಸಿ ಎತ್ಯಾನೋ. ಅಪ್‌ಡೇಟ್ ಮಾಡಸ್ಲಾಕ ಬರ್ತದ, ಅದಕ್ಕ ನೂರರ ಮ್ಯಾಲ ಫೀಸು, ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಹೋದ್ರ ಅಲ್ಲೂ ಬಟ್ಟು ಬರವಲ್ದು ಅಂತ ವಾಪಸ್ ಕಳಸಿದ್ದು ನಾನೇ ನೋಡೀನಿ.

ನಾ ಪೊಲೀಸ್ ಪರೀಕ್ಷಾಕ್ಕ ಓದ್ತಿದ್ದಾಗ ಒಂದು ಜಿಕೆ ಪ್ರಶ್ನೆ ಇತ್ತು, ಜಗತ್ತಿನ ಮೊದಲ್ನೇ ಫಿಂಗರ್‌ಪ್ರಿಂಟ್ ಬ್ಯೂರೋ ಎಲ್ಲಿ ಅಂತ. ಕೋಲ್ಕತ್ತಾ, 1897. ಅದರ ಬೆನ್ನ ಹತ್ತಿ ಓದಿದಾಗ ಇನ್ನೊಂದು ಗೊತ್ತಾಯ್ತು. ಅದಕ್ಕೂ ಮುಂಚೆ 1858ರಾಗ ಬಂಗಾಳದ ಜಂಗೀಪುರದಾಗ ವಿಲಿಯಂ ಹರ್ಷಲ್ ಅನ್ನೋ ಬ್ರಿಟಿಷ್ ಅಧಿಕಾರಿ ಒಂದು ಕರಾರು ಪತ್ರದ ಮ್ಯಾಲ ಸಹಿ ಬದ್ಲಿ ಇಡೀ ಅಂಗೈ ಮಸಿ ಒತ್ತಿಸ್ಕೊಂಡಿದ್ದ, ಆ ಕೈ ರಾಜ್ಯಧರ ಕೊನಾಯ್ ಅನ್ನೋ ಗುತ್ತಿಗಿದಾರಂದು, ರಸ್ತಾಕ್ಕ ಹಾಕೋ ಖಡಿ ಪೂರೈಸೋ ಮನುಷ್ಯ ಅವ. ಇವತ್ತು ಜಗತ್ತೆಲ್ಲಾ ಮಾಡೋ ಈ ಥಂಬ್ ವ್ಯವಸ್ಥಾ ಒಬ್ಬ ಕಲ್ಲು ಖಡಿ ವ್ಯವಹಾರದ ಮನುಷ್ಯನ ಅಂಗೈಯಿಂದ ಶುರು ಆಗ್ಯದ ಅಂತ ಓದಿದಾಗ ನನಗ ಅಪ್ಪನೇ ನೆನಪಾದ. ಅಪ್ಪಗ ಹೇಳಿದೆ. "ಆಗ ಮಸಿ ಇತ್ತಲ್ಲವ್ವಾ" ಅಂದ.

ಅದೂ ಖರೇನೇ. ಮಸಿ ಪ್ಯಾಡ್ ಇದ್ದಾಗ ಅಪ್ಪನ ಹೆಬ್ಬಟ್ಟು ಯಾರೂ ಬರಲ್ಲ ಅಂದಿಲ್ಲ. ಆಗಿನ ತ್ರಾಸೇ ಬ್ಯಾರೆ. ನಮ್ಮ ಭಾಷಾದಾಗ ಹೆಬ್ಬಟ್ಟು ಅಂದ್ರ ಓದು ಬರಹ ಬರಲಾರ್ದವ ಅಂತ ಬೈಗುಳ ಆಗಿತ್ತು, ಅದಕ್ಕ ಅಪ್ಪ ಸಾಕ್ಷರತಾ ಕ್ಲಾಸಿಗಿ ರಾತ್ರಿ ಹೋಗಿ ಆ ಜಡ್ಡುಗಟ್ಟಿದ ಕೈಯಾಗ ಬಳಪ ಹಿಡದು ಸಹಿ ಮಾಡೋದು ಕಲ್ತ. ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಮ್ಯಾಲ ಪಾಲಕರ ಸಹಿ ಜಾಗದಾಗ ಎರಡು ನಿಮಿಷ ತಗೊಂಡು ತನ್ನ ಹೆಸ್ರು ಬರದ, ಒಂದು ಒತ್ತಕ್ಷರ ತಪ್ಪಿತ್ತು, ಅದನ್ನ ನಾ ಇವತ್ತಿಗೂ ಲ್ಯಾಮಿನೇಷನ್ ಮಾಡಿಸಿ ಇಟ್ಟೀನಿ. ಈಗ ಎಲ್ಲಿ ಹೋದ್ರೂ ಸಹಿ ಬ್ಯಾಡ, ಹೆಬ್ಬಟ್ಟು ಇಡು ಅಂತಾರ.

ಇನ್ನ ರೂಲ್ಸ್ ಏನದ ಅಂತ ನಾ ಹುಡುಕಿ ಓದೀನಿ, ಅದನ್ನ ಇಲ್ಲಿ ಬರೀಲಿಕ್ಕೇ ಬೇಕು. 2017ರ ಅಕ್ಟೋಬರ್ 24ಕ್ಕ ಕೇಂದ್ರದ ಆಹಾರ ಇಲಾಖೆನೂ ಆಧಾರ್ ಪ್ರಾಧಿಕಾರನೂ ಎರಡೂ ಸುತ್ತೋಲೆ ಕಳಸ್ಯಾವ, ಥಂಬ್ ಬರಲಿಲ್ಲ, ನೆಟ್‌ವರ್ಕ್ ಇಲ್ಲ ಅನ್ನೋ ಕಾರಣಕ್ಕ ಯಾರಿಗೂ ರೇಷನ್ ಇಲ್ಲ ಅನ್ನಬಾರದು, ಕಾರ್ಡು ನೋಡಿ ಕೊಟ್ಟು ಬ್ಯಾರೆ ರಜಿಸ್ಟರ್‌ದಾಗ ಬರದಿಡಬೇಕು ಅಂತ. ಆಮ್ಯಾಲ 2018ರ ಸೆಪ್ಟೆಂಬರ್ 26ಕ್ಕ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಆಧಾರ್ ತೀರ್ಪು ಕೊಡ್ತು, ಆ ಕೇಸ್ 2012ರಾಗ ಹಾಕ್ದೋರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆಧಾರ್ ಕಾನೂನು ಉಳೀತು, ಆದ್ರ ದೃಢೀಕರಣ ಫೇಲ್ ಆಯ್ತು ಅಂತ ಅರ್ಹರಿಗಿ ಸವಲತ್ತು ತಪ್ಪಬಾರದು, ಬ್ಯಾರೆ ರೀತಿಲೆ ಗುರ್ತು ನೋಡಿ ಕೊಡಬೇಕು ಅನ್ನೋ ಮಾತು ಆ ತೀರ್ಪಿನಾಗೇ ಅದ. ಇಷ್ಟೆಲ್ಲಾ ಇದ್ರೂ ಆ ರಜಿಸ್ಟರ್ ಅನ್ನೋದು ನಮ್ಮ ಕಡಿ ನಾ ಕಣ್ಣಾರೆ ನೋಡಿಲ್ಲ. ಅಪ್ಪ ಸುಮ್ನ ಚೀಲ ಮಡಚಿಕೊಂಡು ಬಂದಿದ್ದು ಅಂಥದೊಂದು ರಜಿಸ್ಟರ್ ಅದ ಅಂತ ಅವಗ ಯಾರೂ ಹೇಳ್ಲಾರ್ದಕ್ಕ.

ಬರೀ ರೇಷನ್ ಅಲ್ರಿ. ಈಗ ಇ-ಕೆವೈಸಿ ಅಂತ ಕಾರ್ಡಿನಾಗಿನ ಪ್ರತಿಯೊಬ್ರೂ ಬಂದು ಬಟ್ಟು ಕೊಡಬೇಕು, ಬೆಂಗಳೂರಿಗಿ ಪುಣೆಕ್ಕ ಗುಳೆ ಹೋದೋರು ಅದಕ್ಕಂತ ಕೆಲ್ಸ ಬಿಟ್ಟು ಬರ್ತಾರ, ಬಂದ್ರ ಬಟ್ಟು ಸಿಗಲ್ಲ, ಯಾಕಂದ್ರ ಅಲ್ಲಿ ಮಾಡೋ ಕೆಲ್ಸಾನೇ ಸಿಮೆಂಟಿಂದು. ಗೃಹಲಕ್ಷ್ಮಿ 2000 ರೂಪಾಯಿ ಅಕೌಂಟಿಗಿ ಬಿದ್ದಿರ್ತದ, ಬ್ಯಾಂಕ್ ದೂರ, ಅದಕ್ಕ ನನ್ನ ಅಂಗಡಿಗಿ ಬರ್ತಾರ, ಬಟ್ಟು ಹತ್ತಲ್ಲ, ಎರಡು ಸಲ ಮೂರು ಸಲ ನೋಡಿ ಸಂಜಿಗಿ ಬರ್ರಿ ಅಂತ ಕಳಸ್ತೀನಿ, ಸಂಜಿಗೂ ಬರಲ್ಲ. ಒಬ್ಬ ಆಯಿ ಮನಿಗಿ ಹೋಗಿ ಉಸುಕು ಹಚ್ಚಿ ಬಟ್ಟು ತಿಕ್ಕೊಂಡು ಬಂದಿದ್ಲು, ಸ್ವಚ್ಛ ಆಗ್ಲಿ ಅಂತ. ಇದ್ದ ಗೆರಿನೂ ಹೋಗಿ ರಕ್ತ ಕಾಣ್ತಿತ್ತು. ಅವತ್ತು ನಾ ಅಂಗಡಿ ಬಾಗ್ಲ ಹಾಕ್ಕೊಂಡು ಅತ್ತೀನಿ, ಖರೇ ಹೇಳ್ತೀನಿ. ಯಾಕಂದ್ರ ಮುಂಜಾನಿ ನಾನೇ ಆಕಿಗಿ ಕೈ ಸ್ವಚ್ಛ ತೊಳಕೊಂಡ್ ಬಾ ಆಯಿ ಅಂದಿದ್ದೆ. ಅವತ್ತಿನಿಂದ ಆ ಮಾತು ನನ್ನ ಬಾಯಿಗಿ ಬಂದಿಲ್ಲ.

ಹೊಲಸ ಕೈ ಅಂತ ಅನಸ್ಕೊಂಡಿದ್ದು ಅಪ್ಪಗ ಹೊಸದೇನಲ್ಲ. ಒಂದು ಆಫೀಸಿನ್ಯಾಗ ಟೇಬಲ್ ಮ್ಯಾಲಿನ ಗಾಜಿಗಿ ಕೈ ಹಚ್ಚಬ್ಯಾಡ ಅಂದಿದ್ರು, ಅವತ್ತಿನಿಂದ ಎಲ್ಲಿ ಹೋದ್ರೂ ಕೈ ಹಿಂದ ಕಟ್ಕೊಂಡು ನಿಂದ್ರತಾನ. ನನ್ನ ಲಗ್ನದಾಗ ಬೀಗರು ಬಂದು ಕೈ ಹಿಡದು ಮಾತಾಡ್ಸಾಕ ಬಂದ್ರ ಶಾಲಿನಾಗ ಕೈ ಮುಚ್ಕೊಂಡು ಬರೀ ತಲಿ ಬಾಗಸ್ತಿದ್ದ. ಆ ಶಾಲು, ಮಂಟಪ, ಊಟ ಎಲ್ಲಾ ಆ ಕೈಲೇ ಬಂದಿದ್ದು. ಅವ್ವನ ಕೈನೂ ಹಂಗೇ, ಜೋಳದ ರೊಟ್ಟಿ ಬಡದು ಬಡದು ಅಂಗೈ ಕೆಂಪಗ ದಪ್ಪಾಗ್ಯದ, ಕಾದ ಹಂಚಿನ ಮ್ಯಾಲಿನ ರೊಟ್ಟಿ ಬರಿ ಬಟ್ಟಿಲೇ ತಿರಗಿ ಹಾಕ್ತಾಳ, ಸುಡಲ್ಲೇನವ್ವಾ ಅಂದ್ರ ಯಾವಾಗೋ ಸುಟ್ಟು ಮುಗದದ ಅಂತಾಳ.

ನಾ ಕೇಳೋದು ದೊಡ್ಡದೇನಲ್ರಿ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾದಾಗ ಎಲ್ಲಾ ರೇಷನ್ ಅಂಗಡಿಯೊಳಗ ಥಂಬ್ ಬರಲಾರ್ದವರ ರಜಿಸ್ಟರ್ ಟೇಬಲ್ ಮ್ಯಾಲ ಇರ್ಲಿ, ಒಳಗ ಕಪಾಟಿನಾಗ ಬ್ಯಾಡ, ಮತ್ತ ಅದ್ರಾಗ ಬರದ್ರ ಅಂಗಡಿಯವರ ಮ್ಯಾಲ ಅನುಮಾನ ಪಡೋದು ಬಿಡ್ರಿ ಅಂತ ಮ್ಯಾಲಿನವರು ಬಾಯಿಬಿಟ್ಟು ಹೇಳ್ಲಿ, ಅಲ್ಲೀ ತನಕ ಪಾಪ ಅವರೂ ಬರಿಯಲ್ಲ. ಗಣಿ ಕೆಲ್ಸ, ಗೌಂಡಿ ಕೆಲ್ಸ, ಇಟ್ಟಂಗಿ ಭಟ್ಟಿ ಜಾಸ್ತಿ ಇರೋ ಊರುಗಳಿಗಿ ಮೊದಲ ಕಣ್ಣಿನ ಸ್ಕ್ಯಾನರ್ ಕೊಡ್ರಿ, ಕಣ್ಣಿನ ಪಾಪಿ ಸುತ್ತಿಗಿ ಹೊಡದ್ರ ಸವೆಯಲ್ಲ. ಮುಖ ನೋಡಿ ಗುರ್ತಿಸೋ ಸೌಲತ್ತೂ ಆಧಾರ್‌ದಾಗ ಬಂದದ, ಅದನ್ನ ಹಳ್ಳಿ ಅಂಗಡಿ ತನಕ ಮುಟ್ಟಿಸ್ರಿ. ಹಾಸಿಗಿ ಹಿಡದೋರ ಮನಿಗೇ ಹೋಗಿ ಅಪ್‌ಡೇಟ್ ಮಾಡ್ರಿ. ಕೂಲಿಕಾರರಿಗಿ ಅಪ್‌ಡೇಟ್ ಫೀಸು ಮಾಫ್ ಮಾಡಿದ್ರ ಭಾಳ ಪುಣ್ಯ ಬರ್ತದ, ಬಟ್ಟು ಸವದಿದ್ದು ಅವರ ತಪ್ಪಿನಿಂದಲ್ಲಲ್ರಿ. ಗುತ್ತಿಗಿದಾರರು ಸಿಮೆಂಟ್ ಕಲಸೋರಿಗಿ ರಬ್ಬರ್ ಕೈಗವಸ ಕೊಡ್ಲಿ, ಒಂದು ಜೋಡಿಗಿ ಎಷ್ಟ್ ಮಹಾ ಆಗ್ತದ.

ಮತ್ತ ಮಷಿನ್ ಮುಂದ ಕುಂದ್ರೋ ನನ್ನಂಥ ಎಲ್ಲಾ ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಒಂದು ಕೈಮುಗಿದು ಕೇಳ್ತೀನಿ. "ಮಷಿನ್ ತಗೋವಲ್ದು" ಅನ್ರಿ. "ನಿನ್ನ ಕೈ ಸರಿ ಇಲ್ಲ" ಅನ್ನಬ್ಯಾಡ್ರಿ. ಎರಡಕ್ಕೂ ಅಷ್ಟೇ ಉಸುರು ಬೇಕಾಗ್ತದ.

ಹೋದ ಐತವಾರ ನಾ ತವರಿಗಿ ಸ್ಕ್ಯಾನರ್ ತಗೊಂಡೇ ಹೋಗಿದ್ದೆ. ಅಪ್ಪನ್ನ ಕಟ್ಟಿ ಮ್ಯಾಲ ಕುಂದ್ರಸಿ, ಅವ್ವ ಹಿಂದಿನ ರಾತ್ರಿನೇ ಕೊಬ್ಬರಿ ಎಣ್ಣಿ ಹಚ್ಚಿ ಇಟ್ಟಿದ್ಲು, ಒರಸಿ ಒಂದೊಂದೇ ಬಟ್ಟು ಇಟ್ಟು ನೋಡಿದೆ. ಬಲಗೈದು ಐದೂ ಬರಲಿಲ್ಲ. ಎಡಗೈ ಹೆಬ್ಬಟ್ಟು ಇಲ್ಲ, ಆ ಸೊಟ್ಟ ಬಟ್ಟು ಇಲ್ಲ, ನಡುಬಟ್ಟು ಇಲ್ಲ. ಎಡಗೈ ಉಂಗುರ ಬಟ್ಟು ಇಟ್ಟಾಗ ಹಸರ ಲೈಟ್ ಬಂತು. ಅಪ್ಪಗ ನಂಬಿಕಿ ಬರಲಿಲ್ಲ, ಇನ್ನೊಮ್ಮೆ ಇಡ್ತೀನಿ ಅಂದ, ಇಟ್ಟ, ಮತ್ತ ಬಂತು. ಅವ ಆ ಬಟ್ಟು ಹಿಂಗ ಮುಂದ ಹಿಡದು ಭಾಳೊತ್ತು ನೋಡ್ದ. ರೇಷನ್ ಕಾರ್ಡಿನ ಹಿಂದ ಬಾಲ್‌ಪೆನ್ನಿಲೆ ದಪ್ಪಾಗಿ ಬರದು ಕೊಟ್ಟೀನಿ, "ಎಡಗೈ, ಉಂಗುರ ಬಟ್ಟು" ಅಂತ. ಬಟ್ಟು ಬರಲಾರ್ದವರು ನನ್ನ ಅಂಗಡಿಗಿ ಬಂದ್ರ ಹಿಂಗೇ ಹತ್ತೂ ನೋಡಿ ಬರದು ಕೊಡ್ತೀನಿ, ಅದಕ್ಕ ರೊಕ್ಕ ತಗೊಳಲ್ಲ.

ಬರೋ ತಿಂಗಳ ಅಪ್ಪನ ಕೂಡ ನಾನೂ ಪಾಳಿಯೊಳಗ ನಿಂದ್ರತೀನಿ.

ಇಂತಿ,
ಒಬ್ಬ ಫರಸಿ ಕೆಲ್ಸಗಾರನ ಮಗಳು
ಚಿತ್ತಾಪುರ ತಾಲೂಕು, ಕಲಬುರಗಿ ಜಿಲ್ಲಾ